ಹಳೇಬೀಡಿನ ಕಂಬ ಕಡೆದವರು ಯಾರು? ಪಶ್ಚಿಮ ಬೆಂಗಳೂರಿನ ಲೇತ್ ಕೆಲಸಗಾರರಿಗೊಂದು ಬಹಿರಂಗ ಪತ್ರ

ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಮತ್ತು ಮಾಗಡಿ ರಸ್ತೆಯ ಅಡ್ಡರಸ್ತೆಗಳಲ್ಲಿ ಲೇತ್ ಮುಂದೆ ನಿಂತು ದುಡಿಯುವ ಬಂಧುಗಳೇ, ಕೆಲಸ ಬಿಟ್ಟು ವಿಜಯನಗರ, ಕೆಂಗೇರಿ ಉಪನಗರದ ಮನೆಗಳಲ್ಲಿ ಮೊಮ್ಮಕ್ಕಳ ಜೊತೆ ಇರುವ ಹಿರಿಯ ಟರ್ನರ್, ಫಿಟ್ಟರ್ ಮೇಸ್ತ್ರಿಗಳೇ,



ನಿಮ್ಮಲ್ಲಿ ಹಲವರ ಮಕ್ಕಳಿಗೆ ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿದ್ದೇನೆ. ಈಗ ಬಸವೇಶ್ವರನಗರದ ನಮ್ಮ ಮನೆಗೆ ಅದೇ ಬೀದಿಗಳ ಮುಂದಿನ ತಲೆಮಾರಿನ ಮಕ್ಕಳು ಸಂಜೆ ಹೊತ್ತು ಲೆಕ್ಕ, ವಿಜ್ಞಾನ ಹೇಳಿಸಿಕೊಳ್ಳಲು ಬರುತ್ತಾರೆ. ಅವರು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಗೆ ನನಗಿಂತ ನೀವೇ ಚೆನ್ನಾಗಿ ಉತ್ತರ ಹೇಳಬಲ್ಲಿರಿ. ಅದಕ್ಕಾಗಿ ಈ ಪತ್ರ. ಪ್ರಶ್ನೆ ಇದು: "ಹಳೇಬೀಡಿನ ಕಂಬಗಳನ್ನು ಬೇರೆ ಗ್ರಹದಿಂದ ಬಂದವರು ಮಾಡಿದ್ದಂತೆ, ಹೌದಾ ಸಾರ್?"

ಮಕ್ಕಳು ಇದನ್ನು ತಾವಾಗಿ ಕಟ್ಟಿದ್ದಲ್ಲ. ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳಲ್ಲಿ ಕೇಳಿದ್ದು. ಹೊಯ್ಸಳೇಶ್ವರ ದೇವಸ್ಥಾನದ ಕಂಬಗಳು ಮುಖ ಕಾಣುವಷ್ಟು ನುಣುಪಾಗಿವೆ, ಸುತ್ತಲೂ ಸಣ್ಣ ಗೆರೆಗಳು ಒಂದೇ ಸಮನಾಗಿ ಓಡುತ್ತವೆ, ಉಳಿ ಸುತ್ತಿಗೆಯಿಂದ ಇದು ಆಗುವ ಕೆಲಸವಲ್ಲ, ಯಂತ್ರವೇ ಬೇಕು. 900 ವರ್ಷಗಳ ಹಿಂದೆ ನಮ್ಮವರ ಬಳಿ ಯಂತ್ರ ಎಲ್ಲಿತ್ತು. ಹಾಗಾದರೆ ಆಕಾಶದಿಂದ ಯಾರೋ ಬಂದಿದ್ದರು. ವಾದ ಇಷ್ಟೇ. ಹೊರಗೋಡೆಯ ಒಂದು ವಿಗ್ರಹದ ಕೈಯಲ್ಲಿರುವುದು ಗಿಯರ್, ಇನ್ನೊಂದರ ಕೈಯಲ್ಲಿರುವುದು ದುರ್ಬೀನು ಎಂದೂ ಸೇರಿಸುತ್ತಾರೆ.

ಈ ವಾದದ ಮೊದಲ ಭಾಗ ನಿಜ ಎಂಬುದೇ ಇಲ್ಲಿ ಗಮನಿಸಬೇಕಾದ್ದು. ಆ ದುಂಡು ಕಂಬಗಳು ಬರೀ ಉಳಿಯಿಂದ ಆದವಲ್ಲ, ತಿರುಗಿಸಿ ಕಡೆದವು. ಕಲಾ ಇತಿಹಾಸಕಾರರು ಇದನ್ನು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ, ಯಾರೂ ಮುಚ್ಚಿಟ್ಟ ಗುಟ್ಟಲ್ಲ. ಎಡವಿದ್ದು ನಡುವಿನ ಮೆಟ್ಟಿಲಲ್ಲಿ. ನಮ್ಮವರ ಬಳಿ ಯಂತ್ರವಿರಲಿಲ್ಲ ಎಂದು ಯಾರು ಹೇಳಿದರು? ಲೇತ್ ಯಂತ್ರವಲ್ಲವೇ? ಈಜಿಪ್ಟಿನಲ್ಲಿ ಪೆಟೋಸಿರಿಸ್ ಎಂಬ ಪುರೋಹಿತನ ಸಮಾಧಿಯ ಗೋಡೆಯ ಮೇಲೆ ಇಬ್ಬರು ಲೇತ್ ಹಿಡಿದು ಕೆಲಸ ಮಾಡುವ ಚಿತ್ರವಿದೆ. ಅದು ಕ್ರಿಸ್ತಪೂರ್ವ 300ರ ಆಸುಪಾಸಿನದು. ಒಬ್ಬ ಹಗ್ಗ ಎಳೆದು ಜಾಬ್ ತಿರುಗಿಸುತ್ತಾನೆ, ಇನ್ನೊಬ್ಬ ಟೂಲ್ ಹಿಡಿಯುತ್ತಾನೆ. ಅಷ್ಟು ದೂರವೇಕೆ, ಮೈಸೂರು ರಸ್ತೆಯಲ್ಲಿ ಕೆಂಗೇರಿ, ಬಿಡದಿ ದಾಟಿ ಮುಂದೆ ಹೋದರೆ ಚನ್ನಪಟ್ಟಣ. ಅಲ್ಲಿ ಬೊಂಬೆ ಕಡೆಯುವವರು ಆಲೆಮರದ ತುಂಡನ್ನು ತಿರುಗಲು ಬಿಟ್ಟು, ಅದಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದು, ಉಜ್ಜುವ ಬಿಸಿಯಲ್ಲೇ ಬಣ್ಣ ಕೂರಿಸುತ್ತಾರೆ. ಕರೆಂಟು ಬರುವ ಮೊದಲು ಅದೂ ಕೈಯಿಂದಲೇ ತಿರುಗುತ್ತಿತ್ತು.

ಕಂಬದ ವಿಷಯಕ್ಕೆ ಬರೋಣ. ನೀವು ನೋಡಿದರೆ ಏನು ಕಾಣುತ್ತೀರಿ ಎಂದು ಊಹಿಸುತ್ತಾ ಬರೆಯುತ್ತಿದ್ದೇನೆ.

ಕಂಬದ ಬುಡ ಚೌಕ. ಅದರ ಮೇಲಿನ ಭಾಗ ದುಂಡು: ಗಂಟೆಯ ಆಕಾರ, ಅದರ ಮೇಲೆ ಸಣ್ಣ ಕತ್ತು, ಅಂಚು ಚೂಪಾದ ಬಳೆಗಳು, ಮತ್ತೆ ಅಗಲವಾದ ತಟ್ಟೆ. ಈ ಚೌಕ ಮತ್ತು ದುಂಡು ಒಂದೇ ಕಲ್ಲಿನವು. ಚೌಕ ಬಾರಿನಿಂದ ಜಾಬ್ ಮಾಡುವಾಗ ಹಿಡಿಯಲು ಬಿಟ್ಟ ತುದಿ ಹೇಗೆ ಉಳಿಯುತ್ತದೋ ನಿಮಗೆ ಗೊತ್ತು. ಕಂಬದ ಮೇಲೆ ಹೋಗುವ ಬೋದಿಗೆ ಬೇರೆ ಕಲ್ಲು, ಆಮೇಲೆ ಕೂರಿಸಿದ್ದು. ದುಂಡು ಭಾಗದಲ್ಲಿ ಕಾಣುವ ಗೆರೆಗಳೆಲ್ಲ ಅಡ್ಡಕ್ಕೆ ಸುತ್ತುತ್ತವೆ, ಒಂದೇ ಅಕ್ಷಕ್ಕೆ ನಿಷ್ಠವಾಗಿ. ಟೂಲ್ ಜಾಬಿನ ಮೇಲೆ ಬಿಡುವ ಗುರುತು ಅದು. ವಿಡಿಯೋದವರು ಅದನ್ನು ಅನ್ಯಲೋಕದ ರುಜು ಎನ್ನುತ್ತಾರೆ. ನೀವು ಅದನ್ನು ದಿನಾ ನೋಡುತ್ತೀರಿ.

ಅಷ್ಟು ಭಾರದ ಕಲ್ಲನ್ನು ಹೇಗೆ ತಿರುಗಿಸಿದರು? ಮಲಗಿಸಿ ಅಲ್ಲ, ನಿಲ್ಲಿಸಿ ಎಂಬುದು ವಿದ್ವಾಂಸರ ಅಂದಾಜು. ಮೊದಲು ಉಳಿಯಿಂದ ಒರಟಾಗಿ ದುಂಡು ಮಾಡಿಕೊಂಡು, ಕುಂಬಾರನ ತಿಗರಿಯ ಮೇಲೆ ಮಣ್ಣು ನಿಂತ ಹಾಗೆ ಕಂಬವನ್ನು ನೆಟ್ಟಗೆ ನಿಲ್ಲಿಸಿ, ಆಳುಗಳಿಂದ ತಿರುಗಿಸಿ, ಪಕ್ಕದಿಂದ ಟೂಲ್ ಒಡ್ಡಿದ್ದಾರೆ ಎಂದು ಬರೆಯುತ್ತಾರೆ. ಉದ್ದನೆಯ ಭಾರಿ ಜಾಬನ್ನು ಅಡ್ಡ ಹಾಕಿದರೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ, ಸ್ಟೆಡಿ ಕೊಡಬೇಕಾಗುತ್ತದೆ. ಇವತ್ತಿಗೂ ಭಾರಿ ಜಾಬ್‌ಗಳಿಗೆ ವರ್ಟಿಕಲ್ ಟರೆಟ್ ಲೇತ್ ಬಳಸುವುದು ಅದೇ ಕಾರಣಕ್ಕೆ. ಇದರಲ್ಲಿ ಸರಿ ಯಾವುದು, ತಪ್ಪು ಯಾವುದು, ಕೆಳಗಿನ ಬೇರಿಂಗ್ ಹೇಗಿದ್ದಿರಬೇಕು, ಸೆಂಟರ್ ಹೇಗೆ ಹಿಡಿದಿರಬೇಕು ಎಂದು ಪುಸ್ತಕ ಓದಿದ ನನಗಿಂತ ಕೈಯಲ್ಲಿ ಟೂಲ್ ಹಿಡಿದ ನೀವು ಗಟ್ಟಿಯಾಗಿ ಮಾತಾಡಬಲ್ಲಿರಿ.

ಇನ್ನು ಕಲ್ಲು. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು, ಭೂವಿಜ್ಞಾನದಲ್ಲಿ ಕ್ಲೋರೈಟ್ ಶಿಸ್ಟ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಬಳಪಕ್ಕೆ 1, ಕ್ಲೋರೈಟಿಗೆ 2ರಿಂದ 2.5. ಉಗುರಿಗೆ ಹೆಚ್ಚುಕಡಿಮೆ ಅಷ್ಟೇ ಗಡಸು. ನಮ್ಮ ಬೆಂಗಳೂರಿನ ಬಂಡೆಯಲ್ಲಿರುವ ಬೆಣಚುಕಲ್ಲಿಗೆ 7. ಕ್ವಾರಿಯಿಂದ ಆಗತಾನೇ ತೆಗೆದ ಬಳಪದ ಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ಬಿಟ್ಟಂತೆ ಬಿಗಿಯುತ್ತದೆ ಎಂದು ಶಿಲ್ಪಿಗಳು ಹೇಳುತ್ತಾರೆ. ಉಕ್ಕಿನ ಟೂಲಿಗೆ ಅದು ಕಷ್ಟದ ಜಾಬ್ ಅಲ್ಲ. ಉಜ್ಜಿದರೆ ಹೊಳಪು ಬರುವುದು ಅದರ ಗುಣ.

ಇಲ್ಲಿ ನನಗೆ ಬಲವಾಗಿ ಕಾಣುವ ಒಂದು ಸಾಕ್ಷಿ ಇದೆ. ಕಡೆದ ಕಂಬಗಳು ಎಲ್ಲೆಲ್ಲಿವೆ ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋಗಿ. ಗದಗದ ಬಳಿಯ ಲಕ್ಕುಂಡಿ, ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ, ಬೇಲೂರು, ಹಳೇಬೀಡು, ಸೋಮನಾಥಪುರ. ಎಲ್ಲವೂ ಬಳಪದ ಕಲ್ಲಿನ ದೇವಸ್ಥಾನಗಳು. ಹಂಪಿಗೆ ಬನ್ನಿ: ಗಡಸು ಗ್ರಾನೈಟ್. ಅಲ್ಲಿನ ಕೆಲಸ ಉಳಿಯದು. ವಿಠ್ಠಲ ದೇವಸ್ಥಾನದ ಕಂಬಗಳನ್ನು ಕೆತ್ತಿದ್ದಾರೆ, ಕಡೆದಿಲ್ಲ. ಹಲಸೂರಿನ ಸೋಮೇಶ್ವರ ದೇವಸ್ಥಾನದಲ್ಲೂ ಹಾಗೆಯೇ. ನಕ್ಷತ್ರ ದಾಟಿ ಬಂದ ಯಂತ್ರಕ್ಕೆ ಗ್ರಾನೈಟ್ ಒಂದು ಲೆಕ್ಕವೇ? ಕಲ್ಲು ಮೆತ್ತಗಿದ್ದಲ್ಲಿ ಲೇತ್, ಗಡಸಾದಲ್ಲಿ ಉಳಿ. ಮೆಟೀರಿಯಲ್ ನೋಡಿ ಟೂಲ್ ಆರಿಸಿಕೊಂಡವರ ಕೆಲಸ ಇದು. ಬೇಲೂರಿನ ನವರಂಗದಲ್ಲಿ ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ: ನಡುವಿನ ನಾಲ್ಕು ಕಂಬಗಳನ್ನು ಕೈಯಿಂದ ಕೆತ್ತಿದ್ದಾರೆ, ಉಳಿದವು ಲೇತಿನವು. ಕಣ್ಣು ಮೊದಲು ಹೋಗುವ ಜಾಗಕ್ಕೆ ಹೆಚ್ಚು ಹೊತ್ತು, ಹೆಚ್ಚು ಕೈಕೆಲಸ; ಸಂಖ್ಯೆ ಬೇಕಾದ ಕಡೆ ಲೇತ್.

ಕಲಿಕೆಯ ಗುರುತೂ ಕಣ್ಣ ಮುಂದಿದೆ. ಬಾದಾಮಿಯ ಮೂರನೇ ಗುಹೆ 578ರದು. ಅಲ್ಲಿ ಕಂಬಗಳು ಬೆಟ್ಟದ ಮರಳುಗಲ್ಲಿನಲ್ಲೇ ಕೆತ್ತಿಕೊಂಡವು. ಐಹೊಳೆಯಲ್ಲಿ ದೇವಸ್ಥಾನ ಹೇಗಿರಬೇಕು ಎಂದು ಹತ್ತಾರು ರೀತಿಯಲ್ಲಿ ಕಟ್ಟಿ ನೋಡಿದ್ದಾರೆ. ಪಟ್ಟದಕಲ್ಲಿನಲ್ಲಿ ಎಂಟನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿದೆ. ಅದಾದ ಮೇಲೆ, ಹನ್ನೊಂದನೇ ಶತಮಾನದ ಹೊತ್ತಿಗೆ, ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಕೈಹಾಕಿದರು. ಅವರ ಕಾಲದಲ್ಲೇ ಕಡೆದ ಕಂಬ ಪಳಗಿತು. ಹೊಯ್ಸಳರಿಗೆ ಅದು ಸಿಕ್ಕಿದ್ದು ಅಲ್ಲಿಂದ. ಐನೂರು ವರ್ಷ ಒಂದು ಕೈ ಇನ್ನೊಂದು ಕೈಗೆ ಕೊಟ್ಟ ಕಸುಬು. ಬೇರೆ ಲೋಕದವರು ಬಂದು ಕೊಟ್ಟು ಹೋಗಿದ್ದರೆ ಈ ಮೆಟ್ಟಿಲುಗಳು ಏಕಿರಬೇಕಿತ್ತು?

ಮಾಡಿದವರು ತಮ್ಮ ಹೆಸರನ್ನೂ ಕೆತ್ತಿ ಹೋಗಿದ್ದಾರೆ. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು.

ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಅಲ್ಲಿನ ಮದನಿಕೆಯರ ಪೀಠದಲ್ಲಿ ಕನ್ನಡ ಅಕ್ಷರಗಳಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ: ತಂದೆಯದು ನಾಲ್ಕು ವಿಗ್ರಹ, ಮಗನದು ಐದು ಎಂದು ಲೆಕ್ಕ ಸಿಗುತ್ತದೆ. ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ, ಮಲ್ಲೋಜ ಎಂಬವರೂ ಇದ್ದಾರೆ. ಸೋಮನಾಥಪುರದ ಕೇಶವ ದೇವಾಲಯ 1258ರದು. ಅಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿರುವ ವಿಗ್ರಹಗಳೇ ನಲವತ್ತರಷ್ಟಿವೆ. ಅವನ ಹೆಸರು ಹಿಡಿದು ಬೇರೆ ಬೇರೆ ಊರುಗಳ ದೇವಸ್ಥಾನಗಳನ್ನು ನೋಡಿದರೆ ಹಲವು ದಶಕಗಳ ಕೆಲಸ ಸಾಲಾಗಿ ಕಾಣುತ್ತದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಒಂದು ಶತಮಾನದ ಹಿಂದೆ ಈ ದೇವಸ್ಥಾನಗಳ ಗೋಡೆ ಗೋಡೆಯನ್ನೂ ಓದಿ, ಈ ಹೆಸರುಗಳನ್ನು ಪಟ್ಟಿಮಾಡಿ ಅಚ್ಚು ಹಾಕಿಸಿದರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ವಿಷ್ಣುವರ್ಧನ, ಶಾಂತಲೆಯರ ಪಾಠ ಇರುತ್ತದೆ. ದಾಸೋಜ ಚಾವಣರ ಪಾಠ ಎಷ್ಟಿದೆ? ಮಕ್ಕಳಿಗೆ ನಾವು ಈ ಹೆಸರುಗಳನ್ನು ಸರಿಯಾಗಿ ಕೊಡಲಿಲ್ಲ. ಆ ಖಾಲಿ ಜಾಗಕ್ಕೆ ವಿಡಿಯೋದವರು ಬಂದು ಕೂತರು.

ಜಕಣಾಚಾರಿಯ ಕಥೆ ನಿಮಗೆಲ್ಲ ಗೊತ್ತೇ ಇದೆ. 1964ರ ಬಣ್ಣದ ಸಿನಿಮಾ ಅದನ್ನು ಮನೆಮನೆಗೆ ತಲುಪಿಸಿತು. ಬೇಲೂರಿನ ಶಾಸನಗಳಲ್ಲಿ ಆ ಹೆಸರು ಸಿಗುವುದಿಲ್ಲ, ಅದು ಜನ ಕಟ್ಟಿದ ಕಥೆ. ಆದರೂ ಆ ಕಥೆಯ ಮೇಲೆ ನನಗೆ ಗೌರವವಿದೆ. ಅದರಲ್ಲಿ ತಂದೆ ಮಗ ಇದ್ದಾರೆ, ಕಲ್ಲಿನೊಳಗಿನ ದೋಷ ಪತ್ತೆ ಹಚ್ಚುವ ಹುಡುಗ ಇದ್ದಾನೆ, ಹಟ ಇದೆ, ಸೋಲು ಇದೆ. ನಮ್ಮ ಹಳ್ಳಿಯ ಜನ ಅದ್ಭುತ ಕಂಡಾಗ ಕಸುಬುದಾರನನ್ನು ದೊಡ್ಡವನಾಗಿ ಮಾಡಿದರು. ಈಗಿನ ಕಥೆ ಅವನನ್ನೇ ಅಳಿಸುತ್ತದೆ.

ಇಂಥದ್ದು ಹಳೇಬೀಡಿನಲ್ಲಿ ಮಾತ್ರ ಆಗಿಲ್ಲ. ಸ್ವಿಟ್ಜರ್ಲೆಂಡಿನ ಎರಿಕ್ ಫಾನ್ ಡ್ಯಾನಿಕೆನ್ 1968ರಲ್ಲಿ ಬರೆದ ಪುಸ್ತಕದಿಂದ ಈ ವಾದ ಲೋಕಪ್ರಸಿದ್ಧವಾಯಿತು. ಈಜಿಪ್ಟಿನ ಪಿರಮಿಡ್, ಮೆಕ್ಸಿಕೋದ ಪಲೆಂಕೆಯ ರಾಜ ಪಕಾಲನ ಸಮಾಧಿ, ಈಸ್ಟರ್ ದ್ವೀಪದ ಕಲ್ಲಿನ ಮುಖಗಳು ಎಲ್ಲದರ ಹಿಂದೆಯೂ ಅವರಿಗೆ ಆಕಾಶದ ಅತಿಥಿಗಳು ಕಂಡರು. ಆಮೇಲೆ ಏನು ಸಿಕ್ಕಿತು ನೋಡಿ. 2013ರಲ್ಲಿ ಫ್ರಾನ್ಸಿನ ಪಿಯೆರ್ ತಾಲೆ ಅವರ ತಂಡಕ್ಕೆ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಪಪೈರಸ್ ಹಾಳೆಗಳು ಸಿಕ್ಕವು. ಮೆರೆರ್ ಎಂಬ ಅಧಿಕಾರಿಯ ದಿನಚರಿ ಅದು. ನಲವತ್ತರಷ್ಟು ಆಳುಗಳ ಗುಂಪನ್ನು ಕಟ್ಟಿಕೊಂಡು, ತೂರಾದ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೆ ಹಾಕಿ, ಖುಫುವಿನ ಪಿರಮಿಡ್ ಏಳುತ್ತಿದ್ದ ಗೀಜಾಕ್ಕೆ ಸಾಗಿಸಿದ್ದನ್ನು ಅವನು ದಿನದಿನದ ಲೆಕ್ಕದಲ್ಲಿ ಬರೆದಿದ್ದಾನೆ. ಇವತ್ತು ಎಲ್ಲಿ ತಂಗಿದೆವು, ನಾಳೆ ಎಲ್ಲಿಗೆ ಹೊರಟೆವು ಎಂದು. ಸುಮಾರು 4,500 ವರ್ಷ ಹಳೆಯ ಲಾಗ್ ಬುಕ್. ನಿಮ್ಮ ಶಾಪಿನ ಸೂಪರ್‌ವೈಸರ್ ಓದಿದರೆ ಬೇಸರವಿಲ್ಲದೆ ಓದುತ್ತಾರೆ.

ನಮ್ಮದೇ ಮನೆಯ ಇನ್ನೊಂದು ಪ್ರಕರಣವನ್ನೂ ನಿಮ್ಮ ಮುಂದಿಡಬೇಕು. ವಿದೇಶದ ಟಿವಿ ಕಾರ್ಯಕ್ರಮಗಳಲ್ಲಿ ಪುರಾತನ ಕಾಲದ ಹಾರುವ ಯಂತ್ರಕ್ಕೆ ಪುರಾವೆ ಎಂದು 'ವೈಮಾನಿಕ ಶಾಸ್ತ್ರ'ವನ್ನು ತೋರಿಸುತ್ತಾರೆ. ಅದರ ಊರು ಇಲ್ಲೇ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು, ಭರದ್ವಾಜ ಮಹರ್ಷಿಗಳಿಂದ ತಮಗೆ ಒದಗಿದ್ದೆಂದು ಹೇಳಿ, 1918ರಿಂದ 1923ರ ನಡುವೆ ಇದನ್ನು ಬಾಯಲ್ಲಿ ಹೇಳಿ ವೆಂಕಟಾಚಲ ಶರ್ಮರಿಂದ ಬರೆಸಿದರು. ಚಿತ್ರಗಳನ್ನು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್ ಬರೆದರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದರು. ಮರುವರ್ಷವೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಕೂಲಂಕಷವಾಗಿ ಪರೀಕ್ಷಿಸಿದರು. ನಗೆಯಾಡಿ ತಳ್ಳಿಹಾಕಲಿಲ್ಲ, ಡ್ರಾಯಿಂಗ್‌ಗಳನ್ನು ಹರಡಿಕೊಂಡು ಲೆಕ್ಕ ಹಾಕಿದರು. ಶಕುನ, ಸುಂದರ, ರುಕ್ಮ, ತ್ರಿಪುರ, ಈ ನಾಲ್ಕರಲ್ಲಿ ಯಾವುದೂ ಹಾರಲಾರದು, ನೂಕುಬಲ ಎಂದು ಹೇಳಿದ್ದು ಹಾರಾಟಕ್ಕೆ ಅಡ್ಡಿಯಾಗುತ್ತದೆಯೇ ಹೊರತು ಸಹಾಯವಲ್ಲ, ಭಾಷೆಯೂ ವೇದಕಾಲದ್ದಲ್ಲ, ಪಠ್ಯ ಇಪ್ಪತ್ತನೇ ಶತಮಾನದ ಆರಂಭದ್ದು ಎಂದು ತೀರ್ಮಾನಿಸಿದರು. ಡ್ರಾಯಿಂಗ್ ಎದುರಿಗಿಟ್ಟುಕೊಂಡು ಇದು ಮಾಡಲಾಗುವ ಜಾಬೋ ಅಲ್ಲವೋ ಎಂದು ತೂಗುವುದು ನಿಮ್ಮ ನಿತ್ಯದ ಕೆಲಸ. ಆ ಐವರು ಮಾಡಿದ್ದೂ ಅದನ್ನೇ. ಪುಷ್ಪಕ ವಿಮಾನದ ವರ್ಣನೆ ಕಾವ್ಯ. ಕಾವ್ಯವಾಗಿಯೇ ಅದು ದೊಡ್ಡದು, ಅದಕ್ಕೆ ಇಂಜಿನ್ ಕೂರಿಸಬೇಕಾಗಿಲ್ಲ.

ಬೇರೆ ಲೋಕದಲ್ಲಿ ಜೀವ ಇಲ್ಲವೇ ಇಲ್ಲ ಎಂದು ನಾನು ಮಕ್ಕಳಿಗೆ ಹೇಳುವುದಿಲ್ಲ. ಇರಬಹುದು. ಅದು ಘನವಾದ ಪ್ರಶ್ನೆ. 1966ರಲ್ಲಿ ಕಾರ್ಲ್ ಸಗಾನ್ ಮತ್ತು ಸೋವಿಯತ್ ವಿಜ್ಞಾನಿ ಶ್ಕ್ಲೋವ್‌ಸ್ಕಿ ಸೇರಿ ಬರೆದ ಪುಸ್ತಕದಲ್ಲಿ, ಹಿಂದೆ ಯಾರಾದರೂ ಭೂಮಿಗೆ ಬಂದಿದ್ದರೇ ಎಂಬುದನ್ನು ಗಂಭೀರವಾಗಿಯೇ ಚರ್ಚಿಸಿದ್ದಾರೆ. ಆದರೆ ಪುರಾವೆಯ ವಿಷಯದಲ್ಲಿ ಕಟ್ಟುನಿಟ್ಟು ಮಾಡಿದ್ದಾರೆ. ದೂರದ ಅಂದಾಜಿಗೆ ಒಂದು ಲೆಕ್ಕ: 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.2 ಜ್ಯೋತಿರ್ವರ್ಷ ದೂರ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70,000 ವರ್ಷಕ್ಕೂ ಹೆಚ್ಚು ಬೇಕು. ಕೆಂಗೇರಿಯ ಆಚೆ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆ, ಚಂದ್ರಯಾನ-1ಕ್ಕಾಗಿ ಕಟ್ಟಿದ್ದು. ಮಂಗಳದ ನೌಕೆಯ ದುರ್ಬಲ ಸಂಕೇತವನ್ನು ಹಿಡಿಯಲೂ ಅಂಥ ದೈತ್ಯ ತಟ್ಟೆ ಬೇಕು. ಬೇರೆ ನಕ್ಷತ್ರದಷ್ಟು ದೂರದಿಂದ ಯಾರೋ ಬಂದು, ನಮ್ಮೂರಲ್ಲಿ ಕಂಬ ಕಡೆದು, ಕೆಲಸದ ಜಾಗದಲ್ಲಿ ಒಂದು ತುಂಡು ಅನ್ಯಲೋಹವನ್ನೂ, ಮುರಿದ ಒಂದು ಟೂಲನ್ನೂ ಬೀಳಿಸದೆ ಹೋದರು ಎಂದರೆ ನಿಮಗೆ ನಂಬಿಕೆ ಬರುತ್ತದೆಯೇ? ಹಳೇಬೀಡಿನಲ್ಲಿ ಉಳಿದಿರುವುದು ಉಳಿಯ ಗುರುತು, ಅಲ್ಲಲ್ಲಿ ಅರ್ಧಕ್ಕೆ ನಿಂತ ಕೆಲಸ, ಮತ್ತು ಕನ್ನಡ ಅಕ್ಷರ.

ನಿಮಗೇ ಏಕೆ ಬರೆದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಹುಟ್ಟಿತು, 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. ನಿಮ್ಮಲ್ಲಿ ಹಿರಿಯರು ಆ ಲೇತ್‌ಗಳ ಮೇಲೆ ಕೈ ಪಳಗಿಸಿಕೊಂಡವರು. ಇಂಚಿನ ಸಾವಿರದಲ್ಲೊಂದು ಪಾಲಿನ ವ್ಯತ್ಯಾಸವನ್ನು ಬೆರಳ ತುದಿಯಲ್ಲೇ ಹೇಳುವವರು ನಿಮ್ಮ ನಡುವೆ ಇದ್ದಾರೆ. ಡಯಲ್ ಆಮೇಲೆ ಅದನ್ನೇ ತೋರಿಸುತ್ತದೆ. ಆದರೆ ನೀವು ಮಾಡಿದ ಬುಷ್, ಶಾಫ್ಟ್, ಫ್ಲ್ಯಾಂಜ್‌ಗಳ ಮೇಲೆ ನಿಮ್ಮ ಹೆಸರು ಇರುವುದಿಲ್ಲ. ದೊಡ್ಡ ಯಂತ್ರದೊಳಗೆ ಸೇರಿ, ಬೇರೆಯವರ ಬ್ರ್ಯಾಂಡಿನಲ್ಲಿ ಮಾರಾಟವಾಗುತ್ತದೆ. ಕೈಕೆಲಸದವನಿಂದ ಇಂಥದ್ದು ಸಾಧ್ಯವಿಲ್ಲ ಎಂಬ ಮಾತು ದಾಸೋಜನಿಗೆ ಮಾಡುವ ಅನ್ಯಾಯವಷ್ಟೇ ಅಲ್ಲ. ಮನೆಯಲ್ಲಿ ಅಪ್ಪನ ಎಣ್ಣೆ ಅಂಟಿದ ಕೈಯನ್ನು ನೋಡುವ ಮಗುವಿಗೆ, ಆ ಕೈಯಿಂದ ದೊಡ್ಡದೇನೂ ಆಗದು ಎಂದು ಕಲಿಸುವ ಮಾತು ಅದು. ನನಗೆ ಸಂಕಟವಾಗುವುದು ಅಲ್ಲಿ.

ಕಲ್ಲಿನ ಕೆಲಸ ನಿಂತೂ ಹೋಗಿಲ್ಲ. ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಇವತ್ತಿಗೂ ಬೀದಿ ತುಂಬ ಉಳಿಯ ಸದ್ದು. ಬಿಡದಿ ಬಳಿಯ ಜೋಗರದೊಡ್ಡಿಯಲ್ಲಿ ಕಲ್ಲು, ಮರದ ಕೆತ್ತನೆ ಕಲಿಸುವ ಸಂಸ್ಥೆ ಇದೆ. 2024ರಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನ ವಿಗ್ರಹವನ್ನು ಹೆಗ್ಗಡದೇವನಕೋಟೆ ಕಡೆಯ ಕಪ್ಪು ಕಲ್ಲಿನಲ್ಲಿ ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್, ತಲೆತಲಾಂತರದಿಂದ ಇದೇ ಕಸುಬಿನ ಮನೆಯವರು. ಇನ್ನು ಒಂಬೈನೂರು ವರ್ಷ ಕಳೆದ ಮೇಲೆ ಅದನ್ನೂ ಯಾರೋ ಆಕಾಶದವರ ಲೆಕ್ಕಕ್ಕೆ ಬರೆಯಬಾರದು.

ನನ್ನ ಕೋರಿಕೆ ಇಷ್ಟು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ಓದಿರುತ್ತೀರಿ. ಆಯುಧಪೂಜೆ ಮುಗಿದ ಮೇಲೆ ಒಂದು ಭಾನುವಾರ ಹಾಸನಕ್ಕೆ ಬಸ್ಸು ಹತ್ತೋಣ. ನಿಮ್ಮ ಶಾಪಿನ ನಾಲ್ಕು ಜನ, ಜೊತೆಗೆ ಮಕ್ಕಳೂ ಬರಲಿ. ಕಂಬಗಳನ್ನು ಮುಟ್ಟಿ ಸವೆಸಬೇಡಿ; ಪಕ್ಕದಿಂದ ಟಾರ್ಚ್ ಬಿಟ್ಟರೆ ಗೆರೆಗಳು ಎದ್ದು ಕಾಣುತ್ತವೆ. ಜಾಬನ್ನು ಎಲ್ಲಿ ಹಿಡಿದಿದ್ದರು, ಟೂಲ್ ಯಾವ ಕಡೆಯಿಂದ ಬಂದಿದೆ, ಯಾವ ಬಳೆಗೆ ಯಾವ ಆಕಾರದ ಟೂಲ್ ಬೇಕಾಗಿದ್ದಿರಬೇಕು, ಎಲ್ಲಿ ಚಾಟರ್ ಬಂದಿದೆ, ಎಲ್ಲಿ ಕೈಯಿಂದ ತಿದ್ದಿದ್ದಾರೆ, ಎರಡು ಕಂಬಗಳ ನಡುವೆ ಎಷ್ಟು ವ್ಯತ್ಯಾಸವಿದೆ ಎಂದು ಮಕ್ಕಳಿಗೆ ನೀವೇ ತೋರಿಸಿ ಹೇಳಿ. ನಾನು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ನಿಂತು ನಿಮ್ಮ ಮಾತುಗಳನ್ನೆಲ್ಲ ಬರೆದುಕೊಳ್ಳುತ್ತೇನೆ. ಹೇಳಿದವರ ಹೆಸರು ಸಮೇತ ಅದನ್ನು ಸಣ್ಣ ಪುಸ್ತಿಕೆ ಮಾಡಿ, ನಮ್ಮ ಭಾಗದ ಶಾಲೆಗಳಿಗೆ ಕೊಡುವ ಖರ್ಚು ನನ್ನದು.

ಬರುವವರು ಮಕ್ಕಳ ಕೈಯಲ್ಲಿ ಒಂದು ಚೀಟಿ ಕಳಿಸಿದರೆ ಸಾಕು. ವಾರದ ರಜೆ ಯಾವ ದಿನ ಎಂದೂ ಅದರಲ್ಲಿ ಬರೆಯಿರಿ. ಕರೆಂಟು ಇಲ್ಲದ ದಿನ ಕೆಲವರಿಗೆ ರಜೆ, ಭಾನುವಾರ ಕೆಲಸ ಎಂದು ನನಗೆ ಗೊತ್ತು. ಎಲ್ಲರಿಗೂ ಹೊಂದುವ ದಿನವನ್ನೇ ಹುಡುಕೋಣ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು
ಬಸವೇಶ್ವರನಗರ, ಬೆಂಗಳೂರು